ಕರ್ತೃವಿಲ್ಲದ ಕಲ್ಲು

ಗಲಭೆಯ ಮರುದಿನ ಬರುವ ನಮ್ಮ ಕನ್ನಡ ಪತ್ರಿಕೆಗಳನ್ನು ಒಮ್ಮೆ ವ್ಯಾಕರಣದ ಕಣ್ಣಿನಿಂದ ಓದಿ ನೋಡಬೇಕು. 'ಕಲ್ಲು ತೂರಾಟ ನಡೆಯಿತು.' 'ಅಂಗಡಿಗಳು ಬೆಂಕಿಗೆ ಆಹುತಿಯಾದವು.' 'ಕ್ಷುಲ್ಲಕ ಕಾರಣಕ್ಕೆ ಆರಂಭವಾದ ಮಾತಿನ ಚಕಮಕಿ ವಿಕೋಪಕ್ಕೆ ತಿರುಗಿತು.' 'ಪರಿಸ್ಥಿತಿ ಉದ್ವಿಗ್ನವಾಗಿದ್ದರೂ ಹತೋಟಿಯಲ್ಲಿದೆ.' ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರು ಹೇಳಿಕೊಟ್ಟ ಕರ್ತೃ, ಕರ್ಮ, ಕ್ರಿಯಾಪದಗಳಲ್ಲಿ ಕೊನೆಯ ಎರಡು ಇಲ್ಲಿ ಹೇಗೋ ಸಿಗುತ್ತವೆ. ಮೊದಲನೆಯದು ಮಾತ್ರ ಕಾಣೆ. ಕಲ್ಲು ತಾನಾಗಿಯೇ ನೆಲದಿಂದೆದ್ದು ಗಾಜಿನತ್ತ ಹಾರಿದಂತೆ, ಬೆಂಕಿ ಹಸಿವಾಗಿ ಅಂಗಡಿಯನ್ನು ತಿಂದಂತೆ. ಎಲ್ಲೋ ಒಮ್ಮೆ ಮಾಡಿದವರ ಪ್ರಸ್ತಾಪ ಬಂದರೂ ಅದು 'ಉದ್ರಿಕ್ತ ಗುಂಪು' ಎಂಬಲ್ಲಿಗೆ ಮುಗಿಯುತ್ತದೆ. ಆ ಗುಂಪಿಗೆ ಕೈಗಳಿವೆ, ಮುಖವಿಲ್ಲ. ಸಿಟ್ಟಿದೆ, ಬುದ್ಧಿಯಿಲ್ಲ.

ಇದನ್ನು ಬೇರೆಯವರ ಮೇಲೆ ಹೊರಿಸಿ ಬರೆಯುತ್ತಿಲ್ಲ. ತೊಂಬತ್ತರ ದಶಕದಲ್ಲಿ ನಾನೂ ಒಂದು ಪತ್ರಿಕೆಗೆ ತಾಲೂಕು ವರದಿಗಾರನಾಗಿದ್ದೆ. ಮೆರವಣಿಗೆಯೊಂದರ ದಿನ ನಮ್ಮ ಪೇಟೆಯಲ್ಲಿ ನಾಲ್ಕು ಅಂಗಡಿಗಳಿಗೆ ಕಲ್ಲು ಬಿತ್ತು. ಎಸೆದವರಲ್ಲಿ ಮೂವರನ್ನು ಕಣ್ಣಾರೆ ನೋಡಿದ್ದೆ. ಒಬ್ಬ ನನ್ನ ಜೊತೆ ಹೈಸ್ಕೂಲಿನಲ್ಲಿ ಓದಿದವನು. ಅವನು ಎಸೆಯುವ ಮೊದಲು ತಲೆಯೆತ್ತಿ ಅಂಗಡಿಯ ಬೋರ್ಡನ್ನು ಓದಿದ್ದನ್ನೂ, ಪಕ್ಕದ ಅಂಗಡಿಯನ್ನು ಬಿಟ್ಟು ಅದರಾಚೆಯದಕ್ಕೆ ಹೋದದ್ದನ್ನೂ ನೋಡಿದ್ದೆ. ಸಂಜೆ ಎಸ್‌ಟಿಡಿ ಬೂತಿನಿಂದ ಕಚೇರಿಗೆ ಸುದ್ದಿ ಹೇಳುವಾಗ ನನ್ನ ಬಾಯಿಂದ ಬಂದ ವಾಕ್ಯ: 'ಉದ್ರಿಕ್ತ ಗುಂಪಿನಿಂದ ಕಲ್ಲು ತೂರಾಟ'. ಹೆಸರು ಹೇಳಲು ಹೆದರಿದೆ ಎನ್ನುವುದು ಅರ್ಧ ಸತ್ಯ. ಉಳಿದರ್ಧ ಏನೆಂದರೆ, ಬೇರೆ ವಾಕ್ಯವೇ ನನಗೆ ಹೊಳೆಯಲಿಲ್ಲ. ಬೋರ್ಡು ಓದಿ ಕಲ್ಲೆಸೆಯುವವನು ಉದ್ರಿಕ್ತ ಹೇಗಾಗುತ್ತಾನೆ ಎಂಬ ಪ್ರಶ್ನೆ ಹುಟ್ಟಿದ್ದು ಬಹಳ ವರ್ಷಗಳ ನಂತರ, ಗುಂಪಿನ ಮನಶ್ಶಾಸ್ತ್ರದ ಪುಸ್ತಕಗಳನ್ನು ಓದತೊಡಗಿದಾಗ.

ಹಾಗೆ ನೋಡಿದರೆ ಆ ವಾಕ್ಯ ನನ್ನದೂ ಅಲ್ಲ, ನನ್ನ ಪತ್ರಿಕೆಯದೂ ಅಲ್ಲ. ಅದರ ಹಿಂದೆ ನೂರು ವರ್ಷ ದಾಟಿದ ಒಂದು ಪುಸ್ತಕವಿದೆ. ಫ್ರಾನ್ಸಿನ ಗುಸ್ತಾವ್ ಲೆ ಬಾನ್ 1895ರಲ್ಲಿ ಗುಂಪಿನ ಮನಸ್ಸಿನ ಬಗ್ಗೆ ಬರೆದ ಪುಸ್ತಕ. ಮನುಷ್ಯ ಒಬ್ಬನೇ ಇದ್ದಾಗ ಸಭ್ಯ, ವಿವೇಕಿ. ಗುಂಪಿಗೆ ಸೇರಿದ ಕ್ಷಣ ನಾಗರಿಕತೆಯ ಏಣಿಯಲ್ಲಿ ಹಲವು ಮೆಟ್ಟಿಲು ಕೆಳಗಿಳಿಯುತ್ತಾನೆ ಎಂಬುದು ಅದರ ತಿರುಳು. ತನ್ನನ್ನು ಯಾರೂ ಗುರುತಿಸಲಾರರು ಎಂಬ ಧೈರ್ಯ, ಅಂಟುರೋಗದಂತೆ ಹರಡುವ ಆವೇಶ, ವಶೀಕರಣಕ್ಕೆ ಒಳಗಾದವನಂತೆ ಹೇಳಿದ್ದನ್ನೆಲ್ಲ ಒಪ್ಪುವ ಮನಸ್ಸು, ಇವು ಅವನ ಪ್ರಕಾರ ಗುಂಪಿನ ಲಕ್ಷಣ. ಓದಲು ಸೊಗಸಾಗಿದೆ. ಆದರೆ ಅವನು ಈ ಗುಂಪನ್ನು ನೋಡಿದ್ದು ಎಲ್ಲಿಂದ? 1871ರ ಪ್ಯಾರಿಸ್ ಕಮ್ಯೂನಿನ ದಿನಗಳಲ್ಲಿ ಅವನು ಅದೇ ನಗರದಲ್ಲಿದ್ದ. ಬೀದಿಗಿಳಿದ ದುಡಿಯುವ ಜನರನ್ನು ಕಂಡು ಬೆಚ್ಚಿದ ವರ್ಗದವನು. ಗುಂಪಿನ ಗುಣಗಳನ್ನು ವಿವರಿಸುವಾಗ ಅದನ್ನು ಹೆಂಗಸರಿಗೆ, ಮಕ್ಕಳಿಗೆ, 'ಅನಾಗರಿಕ'ರಿಗೆ ಹೋಲಿಸುತ್ತಾನೆ. ಆ ಕಾಲದ ದೊಡ್ಡಮನುಷ್ಯರು ಯಾರ ಮಾತಿಗೆ ಬೆಲೆ ಕೊಡಲು ಸಿದ್ಧರಿರಲಿಲ್ಲವೋ ಅವರೆಲ್ಲರೂ ಆ ಪಟ್ಟಿಯಲ್ಲಿ ಬಂದುಬಿಟ್ಟರು. ಮುಂದೆ ಮುಸೊಲಿನಿ ಈ ಪುಸ್ತಕವನ್ನು ಬಹಳ ಮೆಚ್ಚಿದ. ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಉರ್ದು ಓದುವ ಹಿರಿಯರಿಗೆ ಈ ಹೆಸರು ಬೇರೆ ದಾರಿಯಿಂದ ಪರಿಚಯವಿರಬಹುದು. ಸಯ್ಯದ್ ಅಲಿ ಬಿಲ್‌ಗ್ರಾಮಿಯವರು ಅನುವಾದಿಸಿದ 'ತಮದ್ದುನ್-ಎ-ಅರಬ್' ಎಂಬ ದಪ್ಪ ಗ್ರಂಥದ ಫ್ರೆಂಚ್ ಮೂಲವನ್ನು 1884ರಲ್ಲಿ ಬರೆದವನು ಇದೇ ಲೆ ಬಾನ್. ಅರಬರು ಯುರೋಪಿಗೆ ಕಲಿಸಿದ್ದನ್ನು ಎತ್ತಿ ಹಿಡಿದ ಕಾರಣಕ್ಕೆ ಅವನು ನಮ್ಮ ಹಲವು ಮನೆಗಳ ಕಪಾಟಿನಲ್ಲಿ ಗೌರವದ ಜಾಗ ಪಡೆದ. ನಮ್ಮನ್ನು ಹೊಗಳಿದವನ ಉಳಿದ ಮಾತುಗಳನ್ನು ಜರಡಿ ಹಿಡಿಯದೆ ಒಪ್ಪಿಬಿಡುವುದೂ ಗುಂಪಿನ ಗುಣಗಳಲ್ಲಿ ಒಂದಿರಬೇಕು.

ಹುಚ್ಚು ಗುಂಪಿನ ಜೊತೆಗೆ ಇನ್ನೊಂದು ಚಿತ್ರವೂ ನಮ್ಮ ಭಾಷೆಯಲ್ಲಿ ಬೇರೂರಿದೆ. 'ಆಕ್ರೋಶದ ಕಟ್ಟೆಯೊಡೆಯಿತು' ಎನ್ನುತ್ತೇವೆ. ಒಳಗೆ ಸಿಟ್ಟು ನೀರಿನಂತೆ ತುಂಬುತ್ತಾ ಹೋಗಿ ಒಂದು ದಿನ ಒಡೆಯುತ್ತದೆಂಬ ಕಲ್ಪನೆ. ಪ್ರಾಣಿಗಳ ನಡವಳಿಕೆಯನ್ನು ಅಭ್ಯಾಸ ಮಾಡಿದ ಕೊನ್ರಾಡ್ ಲೊರೆಂಜ್ 1963ರ ತನ್ನ ಪುಸ್ತಕದಲ್ಲಿ ಈ ತೊಟ್ಟಿಯ ಲೆಕ್ಕವನ್ನು ಮನುಷ್ಯನಿಗೂ ಹಚ್ಚಿದ. 1986ರಲ್ಲಿ ಸ್ಪೇನಿನ ಸೆವಿಲ್‌ನಲ್ಲಿ ಸೇರಿದ ವಿಜ್ಞಾನಿಗಳು, ಯುದ್ಧ ಮನುಷ್ಯನ ರಕ್ತದಲ್ಲೇ ಇದೆ ಎನ್ನುವುದು ವಿಜ್ಞಾನವಲ್ಲ ಎಂದು ಹೇಳಿಕೆ ಹೊರಡಿಸಿದರು. 'ಒಮ್ಮೆ ಸಿಟ್ಟು ತೀರಿಸಿಕೊಳ್ಳಲಿ ಬಿಡಿ, ತಣ್ಣಗಾಗುತ್ತಾರೆ' ಎಂದು ಊರ ಹಿರಿಯರು ಹೇಳುವುದುಂಟಲ್ಲ, ಅದೂ ಸುಳ್ಳು. ಅಮೆರಿಕದ ಬ್ರಾಡ್ ಬುಶ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಮ್ಮನ್ನು ಅವಮಾನಿಸಿದವನನ್ನು ನೆನೆದು ಚೀಲಕ್ಕೆ ಗುದ್ದಿದ ವಿದ್ಯಾರ್ಥಿಗಳ ಸಿಟ್ಟು ಇಳಿಯಲಿಲ್ಲ. ಸುಮ್ಮನೆ ಕೂತವರ ಸಿಟ್ಟಿಗಿಂತ ಅದು ಹೆಚ್ಚಾಗಿತ್ತು. ಹೊಡೆಯುವುದರಿಂದ ಮನುಷ್ಯ ಕಲಿಯುವುದು ಹೊಡೆಯುವುದನ್ನು.

ಲೆ ಬಾನ್‌ನ ಊಹೆಗೆ ಪ್ರಯೋಗಾಲಯದ ಮುದ್ರೆ ಬಿದ್ದದ್ದೂ ಅಮೆರಿಕದಲ್ಲೇ. ಫಿಲಿಪ್ ಜಿಂಬಾರ್ಡೊ 1969ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ಮುಖ ಮುಚ್ಚುವ ಮುಸುಕು ತೊಟ್ಟ ವಿದ್ಯಾರ್ಥಿನಿಯರು ಹೆಸರಿನ ಚೀಟಿ ಧರಿಸಿದವರಿಗಿಂತ ಹೆಚ್ಚು ಹೊತ್ತು ಇನ್ನೊಬ್ಬಳಿಗೆ ವಿದ್ಯುತ್ ಆಘಾತ ಕೊಟ್ಟರು. ಆಘಾತ ನಿಜವಲ್ಲವೆಂಬುದು ಅವರಿಗೆ ತಿಳಿದಿರಲಿಲ್ಲ. ಗುರುತು ಅಳಿಸಿದರೆ ಮೃಗ ಹೊರಬರುತ್ತದೆ ಎಂದು ಪಠ್ಯಪುಸ್ತಕಗಳು ಬರೆದುಕೊಂಡವು. ಆದರೆ ಹತ್ತು ವರ್ಷ ಕಳೆದ ಮೇಲೆ, 1979ರಲ್ಲಿ, ಜಾನ್ಸನ್ ಮತ್ತು ಡೌನಿಂಗ್ ಎಂಬಿಬ್ಬರು ಒಂದು ಸರಳ ಅನುಮಾನ ಎತ್ತಿದರು. ಆ ಮುಸುಕು ಕರಿಯರನ್ನು ಕೊಲ್ಲುತ್ತಿದ್ದ ಕು ಕ್ಲಕ್ಸ್ ಕ್ಲಾನಿನ ವೇಷದಂತೆ ಕಾಣುತ್ತಿತ್ತಲ್ಲವೇ? ಅವರು ಕೆಲವರಿಗೆ ಕ್ಲಾನಿನಂಥ ವೇಷ ಕೊಟ್ಟರು, ಕೆಲವರಿಗೆ ನರ್ಸಿನ ಉಡುಪು. ನರ್ಸಿನ ಉಡುಪಿನವರು ಕೊಟ್ಟ ಆಘಾತ ಕಡಿಮೆ. ಅವರ ಗುರುತು ಮರೆಯಾಗಿದ್ದಾಗ ಅದು ಇನ್ನೂ ಕಡಿಮೆಯಾಯಿತು! ಅಂದರೆ ಗುರುತು ಅಳಿದಾಗ ಮನುಷ್ಯ ಖಾಲಿಯಾಗುವುದಿಲ್ಲ. ತೊಟ್ಟ ವೇಷ ಯಾವುದೋ ಅದರ ಗುರುತು ಒಳಗೆ ಬಂದು ಕೂರುತ್ತದೆ. ಗುಂಪಿನ ಮನಶ್ಶಾಸ್ತ್ರದಲ್ಲಿ ಇಷ್ಟು ಸಣ್ಣ ಪ್ರಯೋಗ ಇಷ್ಟು ದೊಡ್ಡ ಮಾತು ಹೇಳಿದ್ದು ಅಪರೂಪ. ಆದರೂ ಪ್ರಸಿದ್ಧಿ ಪಡೆದದ್ದು ಇದಲ್ಲ, ಅದೇ ಜಿಂಬಾರ್ಡೊ 1971ರ ಆಗಸ್ಟ್‌ನಲ್ಲಿ ಸ್ಟ್ಯಾನ್‌ಫರ್ಡ್‌ನ ನೆಲಮಾಳಿಗೆಯಲ್ಲಿ ನಡೆಸಿದ ಜೈಲಿನ ನಾಟಕ. ದಿನಕ್ಕೆ 15 ಡಾಲರ್ ಕೂಲಿಗೆ ಬಂದ ಹುಡುಗರು ಕಾವಲುಗಾರರಾದೊಡನೆ ತಮ್ಮಷ್ಟಕ್ಕೆ ಕ್ರೂರಿಗಳಾದರು, ಎರಡು ವಾರದ ಪ್ರಯೋಗವನ್ನು ಆರನೇ ದಿನಕ್ಕೇ ನಿಲ್ಲಿಸಬೇಕಾಯಿತು ಎಂಬ ಕತೆ ಲೋಕವಿಖ್ಯಾತ. ಫ್ರೆಂಚ್ ಸಂಶೋಧಕ ಥಿಬೊ ಲೆ ಟೆಕ್ಸಿಯೆ ಹಳೆಯ ಕಡತ, ಧ್ವನಿಮುದ್ರಿಕೆಗಳನ್ನು ಜಾಲಾಡಿ 2018ರಲ್ಲಿ ಪುಸ್ತಕ ಬರೆದ ಮೇಲೆ ಬೇರೆಯೇ ಚಿತ್ರ ಬಂತು. ಮೆತ್ತಗಿದ್ದ ಕಾವಲುಗಾರನನ್ನು ಪ್ರಯೋಗದ ತಂಡದವನೇ ಕರೆದು, ನೀನು ಬಿಗಿಯಾಗಬೇಕು, ಇದು ಒಳ್ಳೆಯ ಉದ್ದೇಶಕ್ಕಾಗಿ ಎಂದು ಒತ್ತಾಯಿಸಿದ ಧ್ವನಿಮುದ್ರಿಕೆ ಅಲ್ಲಿತ್ತು.

'ಒಳ್ಳೆಯ ಉದ್ದೇಶ' ಎಂಬ ಈ ಮಾತನ್ನು ಓದುಗರು ಸ್ವಲ್ಪ ಹಿಡಿದಿಟ್ಟುಕೊಳ್ಳಬೇಕು. ಮುಖ ಮರೆಮಾಚುವುದೇ ಹಿಂಸೆಗೆ ಕಾರಣವಾಗಿದ್ದರೆ ಅಮೆರಿಕದ ಲಿಂಚಿಂಗ್‌ಗಳ ಆ ಭಯಾನಕ ಪೋಸ್ಟ್‌ಕಾರ್ಡುಗಳಿಗೆ ಅರ್ಥವೇ ಇರುತ್ತಿರಲಿಲ್ಲ. 1877ರಿಂದ 1950ರವರೆಗೆ ಅಲ್ಲಿ 4,400ಕ್ಕೂ ಹೆಚ್ಚು ಕರಿಯರನ್ನು ಗುಂಪುಗಳು ಕೊಂದವೆಂದು 'ಈಕ್ವಲ್ ಜಸ್ಟಿಸ್ ಇನಿಶಿಯೇಟಿವ್' ಸಂಸ್ಥೆ ದಾಖಲಿಸಿದೆ. ಹಲವು ಕಡೆ ಶವದ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ಅದನ್ನು ಕಾರ್ಡು ಮಾಡಿ ನೆಂಟರಿಗೆ ಕಳಿಸಿದರು. ಆ ಚಿತ್ರಗಳಲ್ಲಿ ಮುಸುಕಿಲ್ಲ. ಟೋಪಿ, ಕೋಟು ಹಾಕಿದ ಗೃಹಸ್ಥರು ನೇರ ಕ್ಯಾಮೆರಾದ ಕಡೆ ನೋಡುತ್ತಿದ್ದಾರೆ, ಕೆಲವರು ನಗುತ್ತಿದ್ದಾರೆ, ಮಕ್ಕಳೂ ಇದ್ದಾರೆ. ನಾಚಿಕೆಯ ಕೆಲಸ ಮಾಡಿದವರ ಮುಖ ಹಾಗಿರುವುದಿಲ್ಲ. ಹತ್ತಿಯ ಬೆಲೆ ಇಳಿದಾಗ ಹತಾಶೆಯಿಂದ ಲಿಂಚಿಂಗ್ ಹೆಚ್ಚುತ್ತಿತ್ತು ಎಂದು 1940ರಲ್ಲಿ ಇಬ್ಬರು ವಿದ್ವಾಂಸರು ಲೆಕ್ಕ ಹಾಕಿ ತೋರಿಸಿದ್ದರು. ಮುಂದೆ ಬಂದವರು ಅದೇ ಲೆಕ್ಕವನ್ನು ಮತ್ತೆ ಪರೀಕ್ಷಿಸಿದಾಗ ಆ ಸಂಬಂಧ ಬಹಳ ದುರ್ಬಲವೆಂದು ಕಂಡಿತು. ನಮ್ಮ ವಿಚಾರ ಸಂಕಿರಣಗಳಲ್ಲಿ ಪ್ರತಿ ಗಲಭೆಯ ನಂತರ 'ನಿರುದ್ಯೋಗಿ ಯುವಕರು' ಎಂಬ ವಿವರಣೆ ಬರುತ್ತದೆ. ಕೆಲಸವಿಲ್ಲದ ಕೋಟ್ಯಂತರ ಯುವಕರು ಯಾರ ಮನೆಗೂ ಬೆಂಕಿ ಇಟ್ಟಿಲ್ಲ ಎಂಬುದು ಆ ಭಾಷಣಕಾರರಿಗೆ ನೆನಪಾಗುವುದಿಲ್ಲ.

ಇತಿಹಾಸಕಾರ್ತಿ ನತಾಲಿ ಝೆಮನ್ ಡೇವಿಸ್ 1973ರಲ್ಲಿ ಬರೆದ ಒಂದು ಪ್ರಬಂಧ ಈ ವಿಷಯದಲ್ಲಿ ನಾನು ಓದಿದವುಗಳಲ್ಲಿ ಅತ್ಯಂತ ಹರಿತವಾದದ್ದು. ಹದಿನಾರನೇ ಶತಮಾನದ ಫ್ರಾನ್ಸಿನಲ್ಲಿ ಕೆಥೊಲಿಕರೂ ಪ್ರೊಟೆಸ್ಟಂಟರೂ ಬೀದಿಯಲ್ಲಿ ಒಬ್ಬರನ್ನೊಬ್ಬರು ಕೊಂದ ರೀತಿಯನ್ನು ಅವರು ಬಿಡಿಸಿಡುತ್ತಾರೆ. ಆ ಗುಂಪುಗಳು ಪಾದ್ರಿಯ ಕೆಲಸವನ್ನೂ ನ್ಯಾಯಾಧೀಶನ ಕೆಲಸವನ್ನೂ ತಾವೇ ವಹಿಸಿಕೊಂಡಿದ್ದವು. ಊರನ್ನು ಮಲಿನ ಮಾಡುವವರಿಂದ ಊರನ್ನು ಶುದ್ಧಿ ಮಾಡುತ್ತಿದ್ದೇವೆ, ಸರಕಾರ ಮಾಡದ ಕರ್ತವ್ಯವನ್ನು ನಾವು ಮಾಡುತ್ತಿದ್ದೇವೆ ಎಂದೇ ಅವು ನಂಬಿದ್ದವು. ಹುಚ್ಚಿಗೆ ವಿಧಿವಿಧಾನ ಬೇಕಿಲ್ಲ. ಇಲ್ಲಿ ವಿಧಿಯಿತ್ತು, ಕ್ರಮವಿತ್ತು, ಮೇಲಾಗಿ ಆತ್ಮಸಾಕ್ಷಿಯ ಒಪ್ಪಿಗೆಯಿತ್ತು. ಬ್ರಿಟನ್ನಿನ ಸ್ಟೀಫನ್ ರೈಶರ್ 1980ರ ಬ್ರಿಸ್ಟಲ್ ಗಲಭೆಯನ್ನು ಅಭ್ಯಾಸ ಮಾಡಿದಾಗಲೂ, ಜನ ಕಲ್ಲೆಸೆದದ್ದು ಸಿಕ್ಕಸಿಕ್ಕವರ ಮೇಲಲ್ಲ, ತಮ್ಮ ಬಡಾವಣೆಯ ಗಡಿ ದಾಟಿಯೂ ಅಲ್ಲ ಎಂಬುದು ಗೊತ್ತಾಯಿತು. ನನ್ನ ಸಹಪಾಠಿ ಬೋರ್ಡು ಓದಿದ್ದು ನೆನಪಾಯಿತು.

ಇನ್ನು ನಮ್ಮ ದೇಶದ ವಿಚಾರ. ಪಾಲ್ ಬ್ರಾಸ್ ಹಲವು ದಶಕ ಉತ್ತರ ಪ್ರದೇಶದಲ್ಲಿ ಓಡಾಡಿ, ಅಲಿಗಢವನ್ನು ಮುಖ್ಯವಾಗಿಟ್ಟುಕೊಂಡು 2003ರಲ್ಲಿ ಪ್ರಕಟಿಸಿದ ಪುಸ್ತಕ ಕೋಮುಗಲಭೆಯನ್ನು ಒಂದು ಉತ್ಪಾದನೆ ಎಂದು ಕರೆಯುತ್ತದೆ. ಕಿಡಿ ಆರದಂತೆ ನೋಡಿಕೊಳ್ಳುವವರು, ಜನ ಸೇರಿಸುವವರು, ಸುದ್ದಿ ಹರಡುವವರು ಎಂದು ಅಲ್ಲಿ ಕೆಲಸ ಹಂಚಿಕೆಯಿದೆ. ಅಭ್ಯಾಸ, ಪ್ರದರ್ಶನ, ಆಮೇಲೆ ವ್ಯಾಖ್ಯಾನ ಎಂಬ ಮೂರು ಹಂತಗಳಿವೆ. ಕೊನೆಯ ಹಂತದಲ್ಲಿ ಹೊಣೆಗಾರಿಕೆಯನ್ನು ಎಲ್ಲೆಡೆ ಹಂಚಿ ಯಾರ ಮೇಲೂ ನಿಲ್ಲದಂತೆ ಮಾಡುವ ಕೆಲಸ ನಡೆಯುತ್ತದೆ ಮತ್ತು ಅದರಲ್ಲಿ ಪತ್ರಿಕೆಗಳಿಗೂ ಪಾಲಿದೆ ಎನ್ನುತ್ತಾರೆ ಬ್ರಾಸ್. ನನ್ನ ಎಸ್‌ಟಿಡಿ ಬೂತಿನ ವಾಕ್ಯ ಬಿದ್ದದ್ದು ಅಲ್ಲಿ. 1990ರ ಹೈದರಾಬಾದ್ ಗಲಭೆಯ ನಂತರ ಎರಡೂ ಕಡೆಯ ಪೈಲ್ವಾನರ ಜೊತೆ ಕೂತು ಮಾತಾಡಿದ ಸುಧೀರ್ ಕಕ್ಕರ್ ಅವರ ಪುಸ್ತಕದಲ್ಲೂ, ಹಿಂಸೆಯ ಮುಂಚೂಣಿಯಲ್ಲಿದ್ದವರು ತಲೆ ಕೆಟ್ಟವರಲ್ಲ, ಶಿಸ್ತಿನ ದೇಹ ಬೆಳೆಸಿ ತಮ್ಮ ಸಮುದಾಯದ ರಕ್ಷಕರೆಂದು ತಮ್ಮನ್ನು ಭಾವಿಸಿಕೊಂಡವರು.

ಬ್ರಾಸ್ ಅವರ ಪುಸ್ತಕವನ್ನು ನಮ್ಮವರು ಬಹಳ ಪ್ರೀತಿಯಿಂದ ಉಲ್ಲೇಖಿಸುತ್ತಾರೆ. ನನಗೆ ಆ ಪ್ರೀತಿಯ ಬಗ್ಗೆ ಸ್ವಲ್ಪ ಅನುಮಾನವಿದೆ. 'ಎಲ್ಲಾ ಪೂರ್ವಯೋಜಿತ ಸಂಚು, ಹೊರಗಿನಿಂದ ಬಂದವರು ಮಾಡಿದ್ದು, ನಮ್ಮೂರಿನವರು ಒಳ್ಳೆಯವರು' ಎಂದು ಶಾಂತಿಸಭೆಗಳಲ್ಲಿ ಹೇಳುವುದು ಎರಡೂ ಕಡೆಯವರಿಗೆ ಹಿತ. ಸಂಚು ಇರುತ್ತದೆ, ಸಂಶಯವಿಲ್ಲ. ಆದರೆ ಹೊರಗಿನಿಂದ ಬಂದವನಿಗೆ ಯಾವ ಮನೆ ಯಾರದ್ದೆಂದು ತೋರಿಸಿದ ಬೆರಳು ಒಳಗಿನದು. ಹುಚ್ಚಿನ ಸಿದ್ಧಾಂತ ನೆರೆಯವನನ್ನು ರೋಗಿ ಎಂದು ಬಿಟ್ಟುಬಿಡುತ್ತದೆ, ಸಂಚಿನ ಸಿದ್ಧಾಂತ ಅವನನ್ನು ಗೊಂಬೆ ಎಂದು ಬಿಟ್ಟುಬಿಡುತ್ತದೆ. ಎರಡರಲ್ಲೂ ಅವನು ಯೋಚಿಸಿ, ಸರಿ ಎಂದು ತೀರ್ಮಾನಿಸಿ ಕೈ ಎತ್ತಿದ ಎಂಬ ಮಾತು ಬರುವುದಿಲ್ಲ.

2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಯಾವ ಸಂಘಟನೆಯ ಸಂಚೂ ಬೇಕಾಗಲಿಲ್ಲ. ಹೈದರಾಬಾದಿನಿಂದ ತಿರುಗಾಟಕ್ಕೆ ಬಂದ ಸ್ನೇಹಿತರ ತಂಡದಲ್ಲಿ ಕತಾರಿನಿಂದ ಬಂದವನೊಬ್ಬ ದಾರಿಯ ಹಳ್ಳಿಯಲ್ಲಿ ಶಾಲಾಮಕ್ಕಳಿಗೆ ಚಾಕಲೇಟು ಕೊಟ್ಟ. ಮಕ್ಕಳ ಕಳ್ಳರ ವದಂತಿ ಆಗ ವಾಟ್ಸಾಪ್‌ನಲ್ಲಿ ದೇಶವೆಲ್ಲ ಸುತ್ತುತ್ತಿತ್ತು. ಜನ ಪ್ರಶ್ನಿಸಿದರು, ಇವರು ಹೆದರಿ ಕಾರು ಹತ್ತಿದರು, ಅಷ್ಟರಲ್ಲಿ ಸುದ್ದಿ ಮುಂದಿನ ಊರಿಗೆ ತಲುಪಿತು. ಮುರ್ಕಿಯವರು ರಸ್ತೆ ಅಡ್ಡಗಟ್ಟಿದರು. ಕಾರು ಉರುಳಿತು. ಹೊಡೆದರು. 32 ವರ್ಷದ ಸಾಫ್ಟ್‌ವೇರ್ ಇಂಜಿನಿಯರ್ ಸತ್ತ. ಬಿಡಿಸಲು ಹೋದ ಪೊಲೀಸರೂ ಪೆಟ್ಟು ತಿಂದರು. ಕೆಲವರು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡರು. ಮರುದಿನ ಎಲ್ಲರೂ ಬರೆದದ್ದು 'ರೊಚ್ಚಿಗೆದ್ದ ಗ್ರಾಮಸ್ಥರು'. ಆದರೆ ರೊಚ್ಚಿಗೇಳಲು ಮುರ್ಕಿಯವರಿಗೆ ಏನಾಗಿತ್ತು? ಅವರ ಊರಿನ ಮಗುವಿಗೆ ಯಾರೂ ಚಾಕಲೇಟು ಕೂಡ ಕೊಟ್ಟಿರಲಿಲ್ಲ. ಸಂದೇಶ ಓದಿದರು, ನಂಬಿದರು, ರಸ್ತೆಗೆ ಬಂದರು. ಇದು ಸಿಟ್ಟಿಗಿಂತ ಹೆಚ್ಚಾಗಿ ಕರ್ತವ್ಯದಂತೆ ಕಾಣುತ್ತದೆ. ಮಕ್ಕಳನ್ನು ಕಾಪಾಡಲು ಹೊರಟವರೆಂದು ಅವರು ತಮ್ಮ ಕಣ್ಣಿಗೆ ಕಂಡಿರಬೇಕು. ಆ ವಾರವೇ ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಐದು ಕಡೆಗಷ್ಟೇ ಕಳಿಸಬಹುದೆಂದು ಮಿತಿ ಹೇರಿತು. ಮಿತಿ ಬಿದ್ದದ್ದು ಬೆರಳಿಗೆ. ಅಪರಿಚಿತನನ್ನು ಕೇಳದೆ ಹೊಡೆಯುವುದು ಒಳ್ಳೆಯವರ ಕೆಲಸ ಎಂಬ ನಂಬಿಕೆಗೆ ಯಾವ ಮಿತಿಯೂ ಬೀಳಲಿಲ್ಲ.

ನಮ್ಮ ಕಡೆಯ ಮಾತನ್ನೂ ಆಡಬೇಕು. 2020ರ ಆಗಸ್ಟ್ 11ರ ರಾತ್ರಿ ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲಿ ಪ್ರವಾದಿಯವರನ್ನು ನಿಂದಿಸಿದ ಫೇಸ್‌ಬುಕ್ ಬರಹವೊಂದರ ನೆಪದಲ್ಲಿ ನಮ್ಮ ಹುಡುಗರು ಪೊಲೀಸ್ ಠಾಣೆಗೂ ಶಾಸಕರೊಬ್ಬರ ಮನೆಗೂ ಬೆಂಕಿ ಇಟ್ಟರು. ಪೊಲೀಸರು ಗುಂಡು ಹಾರಿಸಿದರು, ಮೂವರು ಸತ್ತರು. ಆ ದಿನಗಳಲ್ಲಿ ನಮ್ಮವರ ಬಾಯಲ್ಲಿ ಬಂದ ಪದ 'ಪ್ರಚೋದನೆಗೆ ಒಳಗಾದ ಯುವಕರು'. ಬೇರೆಯವರು ಮಾಡಿದಾಗ 'ದುಷ್ಕರ್ಮಿಗಳು', ನಮ್ಮವರು ಮಾಡಿದಾಗ 'ಒಳಗಾದವರು'. ಇಲ್ಲೂ ವ್ಯಾಕರಣವೇ ಕೆಲಸ ಮಾಡುತ್ತಿದೆ. ಆದರೆ ಅದೇ ರಾತ್ರಿ ಅದೇ ಪ್ರದೇಶದಲ್ಲಿ ಕೆಲವು ಮುಸ್ಲಿಂ ಯುವಕರು ಹನುಮಂತನ ಗುಡಿಯ ಸುತ್ತ ಕೈಕೈ ಹಿಡಿದು ಸರಪಳಿಯಾಗಿ ನಿಂತ ದೃಶ್ಯವನ್ನೂ ಎಲ್ಲರೂ ನೋಡಿದ್ದಾರೆ. ಅವರೂ ಅದೇ ಬರಹದಿಂದ ನೊಂದವರು, ಅದೇ ಬೀದಿಯ ಮಕ್ಕಳು. ಅವರೂ ಒಂದು ಗುಂಪೇ! ಆ ಚಿತ್ರವನ್ನು ಸೌಹಾರ್ದದ ಸಾಕ್ಷಿಯೆಂದು ಹಂಚಿಕೊಂಡು ಹೆಮ್ಮೆಪಟ್ಟೆವು, ತಪ್ಪೇನಿಲ್ಲ. ಆದರೆ ಬೆಂಕಿ ಇಟ್ಟವರಿಗೆ ಬೇರೆ ದಾರಿ ಇರಲಿಲ್ಲ ಎನ್ನುವ ನಮ್ಮ ವಾದವನ್ನು ಆ ಸರಪಳಿಯೇ ಸುಳ್ಳು ಮಾಡಿತು ಎಂಬುದನ್ನು ನಾವು ಗಮನಿಸಲಿಲ್ಲ.

ಕಾನೂನು ಈ ವಿಷಯದಲ್ಲಿ ನಮ್ಮ ಪತ್ರಿಕೆಗಳಿಗಿಂತ ಮುಂದಿದೆ ಎನ್ನುವುದು ತಮಾಷೆಯಾಗಿ ಕಾಣಬಹುದು. 1860ರ ದಂಡ ಸಂಹಿತೆಯ 149ನೇ ಕಲಮು, ಐದು ಅಥವಾ ಹೆಚ್ಚು ಜನ ಸಮಾನ ಉದ್ದೇಶದಿಂದ ಸೇರಿ ಅಪರಾಧ ಮಾಡಿದರೆ ಪ್ರತಿಯೊಬ್ಬನೂ ಹೊಣೆ ಎಂದಿತ್ತು. ಅದೇ ಸಂಹಿತೆಯ 84ನೇ ಕಲಮಿನಲ್ಲಿ ಬುದ್ಧಿಭ್ರಮಣೆಯಾದವನಿಗೆ ವಿನಾಯಿತಿಯಿತ್ತು. ಗುಂಪು ನಿಜಕ್ಕೂ ಹುಚ್ಚಾಗುವುದಾದರೆ 84ರಡಿ ಎಲ್ಲರನ್ನೂ ಬಿಟ್ಟು ಕಳಿಸಬೇಕಿತ್ತು! ಕಾನೂನು ಬರೆದವರು ಗುಂಪಿನಲ್ಲಿ ಉದ್ದೇಶವನ್ನು ಕಂಡರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ, ಜನಾಂಗ, ಜಾತಿ, ಸಮುದಾಯ, ಭಾಷೆ ಮುಂತಾದ ಕಾರಣಕ್ಕೆ ಐದು ಅಥವಾ ಹೆಚ್ಚು ಜನ ಸೇರಿ ಮಾಡುವ ಕೊಲೆಗೆ ಪ್ರತ್ಯೇಕ ಉಪಕಲಮನ್ನೇ ಇಟ್ಟಿದೆ. ನ್ಯಾಯಾಲಯದಲ್ಲಿ ಇದು ಎಷ್ಟು ನಿಲ್ಲುತ್ತದೆ ಎನ್ನುವುದು ಸಾಕ್ಷಿ ಹೇಳುವವರ ಮೇಲೆ ನಿಂತಿದೆ. ಕರ್ತೃವನ್ನು ನೋಡಿದವರು ಬಾಯಿ ಬಿಡಬೇಕಲ್ಲ.

ಸ್ಟ್ಯಾನ್ಲಿ ಮಿಲ್‌ಗ್ರಾಂ 1961-62ರಲ್ಲಿ ಯೇಲ್‌ನಲ್ಲಿ ನಡೆಸಿದ ಪ್ರಯೋಗಗಳ ಒಂದೇ ಅಂಕಿಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ: ಅಧಿಕಾರಿಯ ಮಾತು ಕೇಳಿ ನೂರಕ್ಕೆ 65 ಮಂದಿ 450 ವೋಲ್ಟಿನವರೆಗೆ ಹೋದರು ಎಂಬುದು. ಅದೇ ಸರಣಿಯ ಇನ್ನೊಂದು ಪ್ರಯೋಗದಲ್ಲಿ ಪಕ್ಕದಲ್ಲಿ ಕೂತ ಇಬ್ಬರು ನಡುವೆ ಎದ್ದು, ನಾವು ಮಾಡುವುದಿಲ್ಲ ಎಂದರು. ಆಗ ಕೊನೆಯವರೆಗೆ ಹೋದವರು 40 ಜನರಲ್ಲಿ ನಾಲ್ವರು ಮಾತ್ರ. ಈ ಅಂಕಿ ನಮ್ಮ ಭಾಷಣಗಳಲ್ಲಿ ಏಕೆ ಬರುವುದಿಲ್ಲವೋ ಗೊತ್ತಿಲ್ಲ. ಆಮ್‌ಸ್ಟರ್‌ಡ್ಯಾಂ, ಕೇಪ್‌ಟೌನ್, ಲ್ಯಾಂಕಾಸ್ಟರ್‌ಗಳ ಬೀದಿ ಕ್ಯಾಮೆರಾಗಳಲ್ಲಿ ಸೆರೆಯಾದ 219 ಜಗಳಗಳನ್ನು ಇತ್ತೀಚೆಗೆ ಕೆಲವು ಸಂಶೋಧಕರು ನೋಡಿದಾಗ ಹತ್ತರಲ್ಲಿ ಒಂಬತ್ತು ಕಡೆ ಯಾರಾದರೊಬ್ಬರು ನಡುವೆ ಬಂದು ಬಿಡಿಸಲು ಯತ್ನಿಸಿದ್ದರು. ಸುತ್ತ ಜನ ಹೆಚ್ಚಿದ್ದಷ್ಟೂ ಬಿಡಿಸುವವರು ಸಿಗುವ ಸಾಧ್ಯತೆ ಹೆಚ್ಚುತ್ತಿತ್ತು.

ನಮ್ಮ ಪೇಟೆಯಲ್ಲಿ ಆ ದಿನ ನಾಲ್ಕು ಅಂಗಡಿಗೆ ಕಲ್ಲು ಬಿತ್ತು ಎಂದೆ. ಬೀಳಬೇಕಾಗಿದ್ದದ್ದು ಐದಕ್ಕೆ. ಐದನೆಯದರ ಮುಂದೆ ಪಾತ್ರೆ ಅಂಗಡಿಯ ವಯಸ್ಸಾದ ಶೆಟ್ಟರೊಬ್ಬರು ಇಳಿದು ಬಂದು ನನ್ನ ಸಹಪಾಠಿಯನ್ನು ಅವನ ಹೆಸರು ಹಿಡಿದು, ಅವನ ತಂದೆಯ ಹೆಸರನ್ನೂ ಸೇರಿಸಿ ಕರೆದರು. ಬೈಯಲಿಲ್ಲ, ಕರೆದರಷ್ಟೆ. ಅವನು ಕಲ್ಲನ್ನು ಕೆಳಗೆ ಹಾಕಿ ಆಚೆ ನೋಡುತ್ತಾ ನಡೆದ. ಇದನ್ನೂ ನಾನು ನೋಡಿದ್ದೆ. ಸಂಜೆ ಫೋನಿನಲ್ಲಿ ಸುದ್ದಿ ಹೇಳುವಾಗ ಅದು ಸುದ್ದಿಯೆಂದು ಅನ್ನಿಸಲಿಲ್ಲ.